ಹಿಡಿಮಣ್ಣಿನ ಋಣ

'ಎಲ್ಲಿಗೆ ಹೋಗಿದ್ದಿರಿ?' ಎಂದು ಕೇಳಿದರೆ 'ಮಣ್ಣಿಗೆ ಹೋಗಿದ್ದೆವು' ಎಂದು ಹೇಳುವುದು ಬೆಳಗಾವಿ ಸೀಮೆಯ ರೂಢಿ. ಶವಸಂಸ್ಕಾರ, ಅಂತ್ಯವಿಧಿ, ಉತ್ತರಕ್ರಿಯೆ ಎಂಬ ಪಂಡಿತರ ಪದಗಳು ಎಷ್ಟಿದ್ದರೂ ಈ ಭಾಗದ ಒಕ್ಕಲುಮಕ್ಕಳು ಈ ಸರಳವಾದ ನುಡಿಯನ್ನೇ ನೆಚ್ಚಿಕೊಂಡು ಬಂದಿದ್ದಾರೆ. ಅದರಲ್ಲಿ ಸಾವಿನ ಹೆಸರಿಲ್ಲ, ಸತ್ತವರ ಹೆಸರೂ ಇಲ್ಲ. ಹೋದವರು ಅಲ್ಲಿ ಮಾಡಿ ಬಂದ ಕೆಲಸದ ಹೆಸರು ಮಾತ್ರ ಇದೆ. ತೋಡಿದ ಕುಣಿಗೆ ತಮ್ಮ ಕೈಯಾರೆ ಒಂದು ಹಿಡಿ ಮಣ್ಣು ಹಾಕಿ ಬರುವುದೇ ಆ ಕೆಲಸ. ಹತ್ತಿರದವರಾಗಲಿ ದೂರದವರಾಗಲಿ, ಸತ್ತವರೊಡನೆ ಮಾತು ಬಿಟ್ಟವರೇ ಆಗಲಿ, ಆ ಒಂದು ಹಿಡಿಗೆ ಎಲ್ಲರೂ ಬಾಧ್ಯರು.

ಲಿಂಗವಂತರ ಮನೆಯಲ್ಲಿ ಹಿರಿಯರೊಬ್ಬರು ಲಿಂಗೈಕ್ಯರಾದರೆ ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಒರಗಿಸಿ ಕುಳ್ಳಿರಿಸುತ್ತಾರೆ. ಹಣೆಗೆ ವಿಭೂತಿ, ಕೊರಳಿಗೆ ಹೂಮಾಲೆ. ಭಜನೆಯವರು ತಾಳ ಹಿಡಿದು ಬಂದು ಕೂಡುತ್ತಾರೆ. ಬೀಗರು ಬಿಜ್ಜರು ಒಬ್ಬೊಬ್ಬರಾಗಿ ಬಂದು ಪಾದಕ್ಕೆ ಹಣೆ ಮುಟ್ಟಿಸುತ್ತಾರೆ. ಹೆಣ್ಣುಮಕ್ಕಳು ಸತ್ತವರ ಗುಣಗಳನ್ನು ಆಡಿ ಆಡಿ ಅಳುತ್ತಾರೆ. ವಿಮಾನ ಕಟ್ಟಿ ಮೆರವಣಿಗೆಯಲ್ಲಿ ಒಯ್ದು, ಕುಣಿಯಲ್ಲಿ ಕುಳ್ಳಿರಿಸಿ, ಜಂಗಮರು ವಿಧಿಯನ್ನು ನಡೆಸಿದ ಮೇಲೆ ವಿಭೂತಿ, ಬಿಲ್ವಪತ್ರೆಗಳೊಡನೆ ಮಣ್ಣು ಬೀಳುತ್ತದೆ. ಮೊದಲ ಹಿಡಿ ಮಗನದು.

ಇಷ್ಟೆಲ್ಲ ಏತಕ್ಕೆ ಎಂದು ಯೋಚಿಸಿದರೆ, ಸತ್ತವರಿಗಾಗಿ ನಡೆಯುವುದಕ್ಕಿಂತ ಉಳಿದವರಿಗಾಗಿ ನಡೆಯುವುದೇ ಹೆಚ್ಚೆಂದು ತೋರುತ್ತದೆ. ಸಾವನ್ನು ಬುದ್ಧಿ ಒಪ್ಪಿಕೊಂಡರೂ ಮನಸ್ಸು ಬೇಗ ಒಪ್ಪದು. ಕಣ್ಣು ಕಂಡು, ಕೈ ಮುಟ್ಟಿ, ಮಣ್ಣಿನ ತಂಪು ಬೆರಳಿಗೆ ತಗಲಿದಾಗಲೇ ಮನಸ್ಸು ನಂಬುತ್ತದೆ. ಶರಣಧರ್ಮ ಮರಣಸೂತಕವನ್ನು ಒಪ್ಪಲಿಲ್ಲವೆಂಬುದು ನಿಜ. ಲಿಂಗವನ್ನು ಧರಿಸಿದವನಿಗೆ ಸಾವಿನಿಂದ ಮೈಲಿಗೆ ತಟ್ಟದೆಂದು ಅದು ಸಾರಿತು. ಆದರೆ ಸೂತಕವಿಲ್ಲವೆಂದರೆ ದುಃಖವಿಲ್ಲವೆಂದು ಅರ್ಥವಲ್ಲ. ಮೈಲಿಗೆಯ ಭಯವನ್ನು ತೆಗೆದುಹಾಕಿ, ಸತ್ತವರ ಹತ್ತಿರ ಎಲ್ಲರೂ ನಿರ್ಭಯವಾಗಿ ಬರುವಂತೆ ಮಾಡಿದ್ದೇ ಆ ಧರ್ಮದ ಉಪಕಾರ. ದುಃಖಿಯನ್ನು ಮೂಲೆಗೆ ಸರಿಸದೆ ನಡುಮನೆಯಲ್ಲಿ ಕುಳ್ಳಿರಿಸಿಕೊಂಡ ಧರ್ಮ ಅದು.

ಹಾಗಿರುವಲ್ಲಿ, ಮೊದಲ ಹಿಡಿ ಮಣ್ಣು ಹಾಕಬೇಕಾದ ಮಗನೇ ಬರಲಾರದೆ ಹೋದರೆ? ಅವನು ಸೇನೆಯಲ್ಲಿದ್ದರೆ, ಪರದೇಶದಲ್ಲಿದ್ದರೆ ಊರು ಮರುಗುತ್ತದೆ. ಅವನ ದಾರಿ ಕಾಯುತ್ತದೆ. ಅವನು ಸೆರೆಮನೆಯಲ್ಲಿದ್ದರೆ ಊರು ದಾರಿ ಕಾಯುವುದಿಲ್ಲ. ತಮ್ಮನೋ ಕಾಕನ ಮಗನೋ ಮುಂದೆ ಬಂದು ಮಣ್ಣು ಹಾಕುತ್ತಾನೆ. ಕಾರ್ಯ ಮುಗಿಯುತ್ತದೆ. ಆ ಮಗನ ಪಾಲಿನ ಹಿಡಿ ಮಾತ್ರ ಹಾಗೆಯೇ ಉಳಿಯುತ್ತದೆ. ಹೀಗೆ ಉಳಿದ ಋಣ ತರುಣನೊಬ್ಬನ ಬಾಳಿನಲ್ಲಿ ಏನಾಗುತ್ತದೆ ಎಂಬುದು ವಿಚಾರಕ್ಕೆ ತಕ್ಕ ವಿಷಯ.

ಕನ್ನಡದಲ್ಲಿ 'ಸೆರೆ' ಎಂಬ ಮಾತು ಎರಡು ಕಡೆ ಕೇಳಿಬರುತ್ತದೆ. ಬಂಧನಕ್ಕೆ ಸೆರೆಯೆಂದು ಹೆಸರು. ದುಃಖ ಉಮ್ಮಳಿಸಿ ಮಾತು ಹೊರಡದಾದಾಗ 'ಗಂಟಲ ಸೆರೆ ಬಿಗಿಯಿತು' ಎನ್ನುವುದೂ ಉಂಟು. ಈ ಎರಡು ಸೆರೆಗಳು ಬೇರೆ ಬೇರೆ ಮೂಲದವು ಎಂದು ನಿಘಂಟುಕಾರರು ಹೇಳಬಹುದು. ಸೆರೆಮನೆಯಲ್ಲಿ ಕುಳಿತು ತಾಯಿಯ ಸಾವಿನ ಸುದ್ದಿ ಕೇಳಿದವನಿಗೆ ಮಾತ್ರ ಎರಡೂ ಒಂದೇ ಗಳಿಗೆಯಲ್ಲಿ ಬಿಗಿಯುತ್ತವೆ.

ಬೆಳಗಾವಿಯಿಂದ ಉತ್ತರಕ್ಕೆ ಪುಣೆಯ ಹೆದ್ದಾರಿ ಹಿಡಿದು ಹೊರಟರೆ ನಗರ ಮುಗಿಯುವಷ್ಟರಲ್ಲಿ ಕಾಕತಿ ಬರುತ್ತದೆ. ಕಿತ್ತೂರಿನ ರಾಣಿ ಚೆನ್ನಮ್ಮನ ತವರೂರೆಂದು ಅದು ನಾಡಿಗೆಲ್ಲ ಪರಿಚಿತ. ೧೭೭೮ರಲ್ಲಿ ಕಾಕತಿಯ ದೇಸಾಯಿ ಮನೆತನದಲ್ಲಿ ಹುಟ್ಟಿದ ಆ ಮಗಳ ಕತ್ತಿಯ ಕಥೆಯನ್ನು ಶಾಲೆಯ ಮಕ್ಕಳೆಲ್ಲ ಬಲ್ಲರು. ಆಕೆಯ ಬಾಳಿನ ಇನ್ನೊಂದು ಎಳೆಯನ್ನು ಗಮನಿಸುವವರು ಕಡಿಮೆ. ಆ ಎಳೆಯಲ್ಲಿ ಸಾವೂ ಸೆರೆಯೂ ಹೆಣೆದುಕೊಂಡಿವೆ. ಪತಿ ಮಲ್ಲಸರ್ಜ ದೇಸಾಯಿ ಪುಣೆಯ ಪೇಶ್ವೆಯ ಬಂಧನದಲ್ಲಿದ್ದು, ಬಿಡುಗಡೆಗೊಂಡು ಮರಳುವ ಕಾಲದಲ್ಲಿ, ೧೮೧೬ರಲ್ಲಿ ತೀರಿಕೊಂಡನು. ಹಿರಿಯ ರಾಣಿಯ ಮಗ ಶಿವಲಿಂಗರುದ್ರಸರ್ಜ ೧೮೨೪ರ ಸೆಪ್ಟೆಂಬರಿನಲ್ಲಿ ತೀರಿಕೊಂಡನು. ಮನೆಯ ದುಃಖ ಆರುವ ಮೊದಲೇ ದತ್ತಕದ ತಕರಾರು ಎದ್ದಿತು. ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿನ ಬಾಗಿಲಿಗೆ ಬಂದನು. ಅಕ್ಟೋಬರ್ ೨೩ರಂದು ಯುದ್ಧವಾಗಿ ಅವನು ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಚೆನ್ನಮ್ಮ ಬೈಲಹೊಂಗಲದ ಸೆರೆಗೆ ಸಂದಳು. ೧೮೨೯ರ ಫೆಬ್ರವರಿಯಲ್ಲಿ ಆ ಸೆರೆಯಲ್ಲಿಯೇ ಆಕೆಯ ಕೊನೆಯುಸಿರು ಹೋಯಿತು. ತವರಿನ ಕಾಕತಿಯ ಮಣ್ಣಾಗಲಿ, ಆಳಿದ ಕಿತ್ತೂರಿನ ಮಣ್ಣಾಗಲಿ ಆಕೆಗೆ ದೊರೆಯಲಿಲ್ಲ. ಸಮಾಧಿ ಬೈಲಹೊಂಗಲದಲ್ಲಿಯೇ ಆಯಿತು.

ಆಕೆ ಹೋದ ಬಳಿಕ ಕಿತ್ತೂರಿಗಾಗಿ ಎದ್ದವನು ಸಂಗೊಳ್ಳಿ ರಾಯಣ್ಣ. ಅವನ ಬಂಡಾಯಕ್ಕೆ ಭೂಮಿಯ ಜಪ್ತಿ, ಕಂದಾಯದ ಕಾಟ, ದತ್ತುಪುತ್ರನಿಗೆ ಗಾದಿ ಕೊಡಿಸುವ ಹಟ ಎಂಬ ಕಾರಣಗಳನ್ನು ಇತಿಹಾಸಕಾರರು ಎಣಿಸುತ್ತಾರೆ. ಅವೆಲ್ಲವೂ ಸತ್ಯವೇ. ಅವುಗಳ ಜತೆಗೆ ಇನ್ನೊಂದನ್ನು ಸೇರಿಸಿದರೆ ತಪ್ಪಾಗದು. ಒಡತಿಯನ್ನು ತಾಯಿಯೆಂದು ಬಗೆದ ತರುಣರ ಗುಂಪೊಂದು ಆಕೆಯ ಸಾವಿಗೆ ಅಳಲು ಕೂಡ ಎಡೆಯಿಲ್ಲದ ಸ್ಥಿತಿಯಲ್ಲಿತ್ತು. ೧೮೩೦ರ ಆರಂಭದಲ್ಲಿ ಖಾನಾಪುರ ಸೀಮೆಯ ಬೀಡಿ, ನಂದಗಡಗಳ ಸರಕಾರಿ ಕಚೇರಿಗಳಿಗೆ ಬೆಂಕಿ ಬಿದ್ದಿತು. ಅದೇ ವರ್ಷದ ಏಪ್ರಿಲಿನಲ್ಲಿ ರಾಯಣ್ಣ ಮೋಸದಿಂದ ಸಿಕ್ಕಿಬಿದ್ದನು. ವಿಚಾರಣೆ ನಡೆದು, ೧೮೩೧ರ ಜನವರಿ ೨೬ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು. ಆಗ ಅವನಿಗೆ ಮೂವತ್ತರ ಆಚೆಈಚೆಯ ಪ್ರಾಯ. ಅವನ ತಾಯಿ ಕೆಂಚವ್ವನ ಹೆಸರನ್ನು ಜನ ಇಂದಿಗೂ ಮರೆತಿಲ್ಲ.

ನಂದಗಡದಲ್ಲಿ ಅವನ ಸಮಾಧಿಯ ಬಳಿ ಆಲದ ಮರವೊಂದಿದೆ. ಅವನ ಸಂಗಡಿಗನೇ ಅದನ್ನು ನೆಟ್ಟನೆಂದು ಜನ ಹೇಳುತ್ತಾರೆ. ಮಕ್ಕಳಿಲ್ಲದವರು ಅಲ್ಲಿಗೆ ಬಂದು ಕೊಂಬೆಗೆ ತೊಟ್ಟಿಲು ಕಟ್ಟಿ, ರಾಯಣ್ಣನಂಥ ಮಗ ಹುಟ್ಟಲೆಂದು ಹರಕೆ ಹೊರುತ್ತಾರೆ. ಒಮ್ಮೆ ತಡೆದು ಯೋಚಿಸಿದರೆ ಇದು ಆಶ್ಚರ್ಯದ ಸಂಗತಿ. ಸರಕಾರದ ಕಾಗದದಲ್ಲಿ ಅವನು ಅಪರಾಧಿ; ಗಲ್ಲಿಗೇರಿದ ಬಂದಿ. ಕಾಗದ ಏನು ಹೇಳಿದರೂ ಜನ ಅವನ ದುಃಖದ ಕಾರ್ಯವನ್ನು ಅರ್ಧಕ್ಕೆ ಬಿಡಲಿಲ್ಲ. ಅಂದು ಹಾಕಲಾರದ ಹಿಡಿಮಣ್ಣನ್ನು ಲಾವಣಿಯಾಗಿ, ಗೀಗೀಪದವಾಗಿ, ತೊಟ್ಟಿಲಾಗಿ ತಲೆಮಾರುಗಳವರೆಗೆ ಹಾಕುತ್ತಲೇ ಬಂದರು.

ಅದೇ ಖಾನಾಪುರ ತಾಲ್ಲೂಕಿನ ಕಕ್ಕೇರಿಯಲ್ಲಿ ಶರಣ ಡೋಹರ ಕಕ್ಕಯ್ಯನವರ ಸಮಾಧಿಯಿದೆ. ಹನ್ನೆರಡನೆಯ ಶತಮಾನದಲ್ಲಿ ಹರಳಯ್ಯ ಮಧುವರಸರಿಗೆ ಎಳೆಹೂಟೆಯ ಶಿಕ್ಷೆಯಾದ ಬಳಿಕ ಕಲ್ಯಾಣದಿಂದ ಚದುರಿದ ಶರಣರು ಈ ಕಾಡುದಾರಿಗಳಲ್ಲಿ ಉಳವಿಯತ್ತ ನಡೆದರೆಂದು ಪರಂಪರೆ ಹೇಳುತ್ತದೆ. ಸತ್ತ ತಂದೆಗೆ, ಅಣ್ಣನಿಗೆ, ಗುರುವಿಗೆ ನಿಂತು ಅಳಲು ಅವರಿಗೆ ಬಿಡುವಿರಲಿಲ್ಲ, ದಂಡು ಬೆನ್ನಟ್ಟಿತ್ತು. ಆದರೂ ಅವರು ವಚನದ ಕಟ್ಟುಗಳನ್ನು ಹೊತ್ತುಕೊಂಡೇ ನಡೆದರು. ಅಳಲು ಬಿಡುವಿಲ್ಲದವರ ದುಃಖ ಎಂಥದೆಂಬ ಅರಿವು, ಆದ್ದರಿಂದ, ಲಿಂಗವಂತ ಸಮಾಜಕ್ಕೆ ಹುಟ್ಟಿನಿಂದಲೇ ಬಂದಿರಬೇಕು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ಅಗತ್ಯ. ನಾಡಿಗಾಗಿ ಗಲ್ಲಿಗೇರಿದವನನ್ನೂ, ಇಂದು ಹೊಡೆದಾಟಕ್ಕೋ ಕಳವಿಗೋ ಕೊಲೆಗೋ ಸಿಕ್ಕಿ ಒಳಗಾದವನನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಈ ಬರಹದ ಉದ್ದೇಶವಲ್ಲ. ಕೊಲೆಯಾದ ಮನೆಯಲ್ಲಿಯೂ ಒಬ್ಬ ತಾಯಿ ಇದ್ದಾಳೆ. ಆಕೆಯ ಮಗನಿಗೂ ಯಾರೋ ಮಣ್ಣು ಹಾಕಿದ್ದಾರೆ. ಆಕೆಗೆ ನ್ಯಾಯ ದೊರೆಯಲೇಬೇಕು. ತಪ್ಪು ಸಿದ್ಧವಾದರೆ ಶಿಕ್ಷೆ ಸಲ್ಲಬೇಕು. ಆದರೆ ನ್ಯಾಯಾಧೀಶರು ಬರೆಯುವ ಶಿಕ್ಷೆಯಲ್ಲಿ ವರ್ಷಗಳ ಲೆಕ್ಕವಿರುತ್ತದೆ, ದಂಡದ ಲೆಕ್ಕವಿರುತ್ತದೆ. 'ನಿನ್ನ ತಾಯಿ ಸತ್ತರೆ ನೀನು ಅಳತಕ್ಕದ್ದಲ್ಲ' ಎಂದು ಯಾವ ತೀರ್ಪಿನಲ್ಲಿಯೂ ಬರೆದಿರುವುದಿಲ್ಲ. ಬರೆಯದ ಈ ಶಿಕ್ಷೆಯನ್ನು ಅನುಭವಿಸುವವರೇ ಬಹಳ. ಭಾರತದ ಸೆರೆಮನೆಗಳಲ್ಲಿರುವವರಲ್ಲಿ ನಾಲ್ಕರಲ್ಲಿ ಮೂರು ಪಾಲು ಜನ ವಿಚಾರಣಾಧೀನರೆಂದು ೨೦೨೨ರ ಸರಕಾರಿ ಅಂಕಿಅಂಶಗಳು ಹೇಳುತ್ತವೆ. ಎಂದರೆ ಅವರ ಮೇಲಿನ ಆರೋಪ ಇನ್ನೂ ಸಿದ್ಧವಾಗಬೇಕಾಗಿದೆ. ಅವರಲ್ಲಿ ತರುಣರ ಸಂಖ್ಯೆ ದೊಡ್ಡದು.

ಕಾಕತಿಯಿಂದ ಬಹಳ ದೂರವಲ್ಲದ ಹಿಂಡಲಗಾದಲ್ಲಿ ೧೯೨೩ರಲ್ಲಿ ಕಟ್ಟಿದ ಮಧ್ಯವರ್ತಿ ಕಾರಾಗೃಹವಿದೆ. ಸ್ವಾತಂತ್ರ್ಯದ ಹೋರಾಟಗಾರರು ಅನೇಕರು ಅದರ ಗೋಡೆಗಳನ್ನು ಕಂಡಿದ್ದಾರೆ. ಹೆದ್ದಾರಿಯಲ್ಲಿ ಓಡಾಡುವ ಊರಿನವರಿಗೆ ಅಂಥ ಗೋಡೆ ನಿತ್ಯದ ನೋಟ; ಅದರ ಹಿಂದಿನ ಸಂಕಟ ಮಾತ್ರ ಅಪರಿಚಿತ. ಅಂಥ ಯಾವುದೇ ಒಂದು ಗೋಡೆಯ ಹಿಂದೆ ಇಪ್ಪತ್ತೆರಡು ವರ್ಷದ ತರುಣನೊಬ್ಬನಿರುವನೆಂದು ಭಾವಿಸಿಕೊಳ್ಳಬಹುದು. ಅವನಿಗೆ ಹೆಸರು ಬೇಕಿಲ್ಲ. ಅವನಂಥವರು ಎಲ್ಲ ತಾಲ್ಲೂಕುಗಳಲ್ಲಿಯೂ ಇದ್ದಾರೆ.

ಅವನ ಕಥೆ ಠಾಣೆಯಲ್ಲಿ ಆರಂಭವಾಗುವುದಿಲ್ಲ. ಎಂಟನೆಯ ಇಯತ್ತೆಯಲ್ಲಿದ್ದಾಗ ಅಪ್ಪ ತೀರಿಕೊಂಡ. ಆ ದಿನ ಹಿರಿಯರೊಬ್ಬರು ಅವನ ಭುಜ ಹಿಡಿದು, 'ಅಳಬ್ಯಾಡೋ ತಮ್ಮಾ, ಇನ್ನ ಮನಿಗೆ ನೀನ ಗಂಡಸು' ಎಂದರು. ಹೇಳಿದವರ ಮನಸ್ಸು ಒಳ್ಳೆಯದೇ. ಹದಿಮೂರು ವರ್ಷದ ಹುಡುಗನಿಗೆ ಅದು ಆಜ್ಞೆಯಂತೆ ಕೇಳಿತು. ಅಂದು ಅವನು ಅಳಲಿಲ್ಲ, ಮುಂದೆಯೂ ಅಳಲಿಲ್ಲ. ಶಾಲೆಗೆ ಹೋದರೂ ಹಲಗೆಯ ಮೇಲಿನ ಅಕ್ಷರ ಕಣ್ಣಿಗೆ ಹತ್ತಲಿಲ್ಲ. ಮನೆಯ ಅಭ್ಯಾಸ ತಪ್ಪಿತು, ಪೆಟ್ಟು ಬಿದ್ದವು, ಬರುವುದೇ ನಿಂತಿತು. ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಸಾಲಾಗಿ ಬಿದ್ದು, ಕೊನೆಗೆ ಹೆಸರಿಗೆ ಗೀಟು ಬಿದ್ದಿತು. ಆ ಮೇಲೆ ಗ್ಯಾರೇಜು, ಲಾರಿಯ ಕ್ಲೀನರ ಕೆಲಸ, ರಾತ್ರಿಯ ಸಂಗಾತಿಗಳು. ಸಿಟ್ಟು ಮೂಗಿನ ತುದಿಯಲ್ಲಿ. ಒಂದು ಜಾತ್ರೆಯ ರಾತ್ರಿ ಮಾತಿಗೆ ಮಾತು ಬೆಳೆದು ಒಬ್ಬನ ತಲೆಯೊಡೆಯಿತು. ಠಾಣೆಯ ಕಾಗದದಲ್ಲಿ ಆ ರಾತ್ರಿಯ ವಿವರವೆಲ್ಲ ಇದೆ. ಅಪ್ಪನ ಸಾವು ಇಲ್ಲ.

ಇದು ಕೇವಲ ಕಲ್ಪನೆಯ ಮಾತಲ್ಲವೆಂಬುದಕ್ಕೆ ದೂರದ ದೇಶದ ಸಾಕ್ಷ್ಯವೂ ಉಂಟು. ಸ್ಕಾಟ್ಲೆಂಡಿನ ಪೋಲ್ಮಾಂಟ್ ಎಂಬಲ್ಲಿ ತರುಣ ಅಪರಾಧಿಗಳ ಬಂದೀಖಾನೆಯಿದೆ. ಅಲ್ಲಿಯ ಯುವಕರೊಡನೆ ಮಾತನಾಡಿ ವಿದುಷಿ ನೀನಾ ವಾಸ್ವಾನಿ ೨೦೧೪ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಆ ಯುವಕರಲ್ಲಿ ಹೆಚ್ಚಿನವರು ಒಂದಲ್ಲ, ಹಲವು ಸಾವುಗಳನ್ನು ಕಂಡವರು. ಅವುಗಳಲ್ಲಿ ಅನೇಕವು ಹಠಾತ್ತಾಗಿ, ಅಕಾಲದಲ್ಲಿ ಬಂದವು. ಆ ದುಃಖವನ್ನು ಆಡಿಕೊಳ್ಳಲು ಅವರಿಗೆ ಸರಿಯಾದ ಜಾಗ ದೊರೆತಿರಲಿಲ್ಲ. ಹಾಗೆಂದು ತಂದೆಯಿಲ್ಲದ ಮಕ್ಕಳೆಲ್ಲ ದಾರಿ ತಪ್ಪುತ್ತಾರೆಂದು ಹೇಳುವುದು ಅನ್ಯಾಯ. ತಂದೆಯಿಲ್ಲದೆ ಬೆಳೆದು ನಾಡಿಗೆ ಕೀರ್ತಿ ತಂದವರು ಮಠಗಳ ಪ್ರಸಾದನಿಲಯಗಳಲ್ಲಿ ಎಣಿಕೆಯಿಲ್ಲದಷ್ಟು ಜನ. ಇಬ್ಬರಿಗೂ ಬಂದ ದುಃಖ ಒಂದೇ. ಒಬ್ಬನ ಪಕ್ಕದಲ್ಲಿ ಕುಳಿತವರಿದ್ದರು, ಇನ್ನೊಬ್ಬನ ಪಕ್ಕದಲ್ಲಿ ಇರಲಿಲ್ಲ.

ಇಂಥ ತರುಣ ಒಳಗಿರುವಾಗಲೇ ಅವ್ವನೂ ತೀರಿಕೊಂಡರೆ ಅವನ ಕಷ್ಟ ಇನ್ನೊಂದು ಬಗೆಯದಾಗುತ್ತದೆ. ಮೊದಲನೆಯದು ಸುದ್ದಿಯ ಕಷ್ಟ. 'ಅವಗ ಈಗ ಹೇಳಬ್ಯಾಡ್ರಿ, ಒಳಗ ಏನರ ಮಾಡಿಕೊಂಡಾನು' ಎಂದು ಮನೆಯವರು ಮುಚ್ಚಿಡುವುದುಂಟು. ಪ್ರೀತಿಯಿಂದ ಮುಚ್ಚಿಟ್ಟ ಸುದ್ದಿ ತಿಂಗಳ ಮೇಲೆ ಹೊಸದಾಗಿ ಒಳಗೆ ಬಂದ ಊರಿನವನ ಬಾಯಿಂದ ಜಾರಿಬೀಳುತ್ತದೆ. ಆಗ ತಾಯಿ ಹೋದ ನೋವಿನ ಮೇಲೆ, ತಾನು ಉಂಡು ಮಲಗಿದ ಅಷ್ಟು ದಿನಗಳೂ ಆಕೆ ಮಣ್ಣಿನಲ್ಲಿದ್ದಳೆಂಬ ನೋವು ಬಂದು ಕೂಡುತ್ತದೆ. ಅದಕ್ಕಿಂತ, ಅದೇ ದಿನ ಹಿರಿಯ ಕಾವಲುಗಾರನೊಬ್ಬ ಕರೆದು, 'ತಮ್ಮಾ, ಮನಸ ಗಟ್ಟಿ ಮಾಡ್ಕೊ, ನಿಮ್ಮವ್ವ ತೀರಿಕೊಂಡಾಳಂತ' ಎಂದು ನೇರವಾಗಿ ಹೇಳಿ, ಒಂದು ಲೋಟ ನೀರು ಕೊಟ್ಟು, ಐದು ನಿಮಿಷ ಪಕ್ಕದಲ್ಲಿ ನಿಂತರೆ ಅದು ದೊಡ್ಡ ಉಪಕಾರ.

ಎರಡನೆಯದು ಹೊತ್ತಿನ ಕಷ್ಟ. ಈ ಸೀಮೆಯಲ್ಲಿ ಬೆಳಿಗ್ಗೆ ಸತ್ತವರ ಮಣ್ಣು ಸಾಮಾನ್ಯವಾಗಿ ಸಂಜೆಗೇ ಮುಗಿಯುತ್ತದೆ, ತಡವಾದರೆ ಮರುದಿನ. ವಿಚಾರಣಾಧೀನ ಕೈದಿ ಹೊರಗೆ ಬರಬೇಕಾದರೆ ವಕೀಲರ ಮೂಲಕ ನ್ಯಾಯಾಲಯಕ್ಕೆ ಅರ್ಜಿ ಹೋಗಬೇಕು, ಸಾವಿನ ಬಗೆಗೆ ಖಾತರಿಯಾಗಬೇಕು, ಮಧ್ಯಂತರ ಜಾಮೀನೋ ಬೆಂಗಾವಲಿನ ಅನುಮತಿಯೋ ಸಿಗಬೇಕು, ಬೆಂಗಾವಲಿಗೆ ಪೊಲೀಸರು ಒದಗಬೇಕು. ಶಿಕ್ಷೆಯಾದವನಿಗೆ ಪೆರೋಲಿನ ಕ್ರಮ ಬೇರೆ. ಎಲ್ಲರೂ ಸದ್ಭಾವದಿಂದಲೇ ನಡೆದುಕೊಂಡರೂ ಕಾಗದದ ನಡಿಗೆಗಿಂತ ಮಣ್ಣಿನ ನಡಿಗೆ ವೇಗದ್ದು. ಸಾವು ಬಂದದ್ದು ರಜೆಯ ದಿನವಾದರೆ, ಮನೆಯಲ್ಲಿ ಓಡಾಡುವವರಿಲ್ಲದಿದ್ದರೆ, ಅರ್ಜಿಯೇ ಹೋಗದು.

ಮೂರನೆಯದು ರಾತ್ರಿಯ ಕಷ್ಟ. ಬ್ಯಾರಕಿನಲ್ಲಿ ಅಷ್ಟೊಂದು ಜನರ ನಡುವೆ ಏಕಾಂತವೆಂಬುದಿಲ್ಲ. ಅಲ್ಲಿ ಅತ್ತವನು ಮೆತ್ತಗಿನವನೆನಿಸಿಕೊಳ್ಳುತ್ತಾನೆ. ಮೆತ್ತಗಿನವನಿಗೆ ಅಲ್ಲಿ ಬಾಳು ಕಷ್ಟ. ಆದುದರಿಂದ ಅವನು ಹೊದಿಕೆಯನ್ನು ಮುಖದ ಮೇಲೆ ಎಳೆದುಕೊಳ್ಳುತ್ತಾನೆ. ಎರಡು ದಿನ ಉಣ್ಣುವುದಿಲ್ಲ. ಮೂರನೆಯ ದಿನ ಸಣ್ಣ ಮಾತಿಗೆ ಯಾರ ಮೇಲೋ ಬೀಳುತ್ತಾನೆ. ನೋಡಿದವರು ಉದ್ಧಟನೆನ್ನುತ್ತಾರೆ. ಅಳು ಹೊರಡಲು ದಾರಿ ಕಾಣದಾಗ ಸಿಟ್ಟಿನ ವೇಷ ತೊಡುವುದೆಂಬ ಸಂಗತಿ ಮನೆಯ ಹೆಣ್ಣುಮಕ್ಕಳಿಗೆ ಗೊತ್ತು. ವ್ಯವಸ್ಥೆಗೆ ಅಷ್ಟು ಬೇಗ ಹೊಳೆಯುವುದಿಲ್ಲ.

ಎಲ್ಲಕ್ಕಿಂತ ಕಡೆಯದು ಅಪರಾಧಭಾವದ ಕಷ್ಟ. 'ಮಗನ ಚಿಂತ್ಯಾಗ ಆ ಮುದಿಕಿ ಹ್ವಾದ್ಳು' ಎಂದು ಊರು ಆಡಿಕೊಳ್ಳುತ್ತದೆ. ಊರು ಆಡದಿದ್ದರೂ ಅವನ ಮನಸ್ಸೇ ಆಡುತ್ತದೆ. ನ್ಯಾಯಾಲಯದ ಮೊಕದ್ದಮೆಗೆ ವಕೀಲರುಂಟು, ವಾಯಿದೆಯುಂಟು, ಒಂದಲ್ಲ ಒಂದು ದಿನ ತೀರ್ಪುಂಟು. ಒಳಗಿನ ಈ ಮೊಕದ್ದಮೆಯಲ್ಲಿ ಆರೋಪಿಯೂ ಅವನೇ, ನ್ಯಾಯಾಧೀಶನೂ ಅವನೇ. ಕ್ಷಮಿಸಬಲ್ಲ ಒಬ್ಬಳೇ ಒಬ್ಬಳು ಮಣ್ಣು ಸೇರಿದ್ದಾಳೆ.

ಈ ಸಂಕಟವನ್ನು ಲೋಕ ಗಮನಿಸಿಯೇ ಇಲ್ಲವೆನ್ನಲಾಗದು. ವಿಶ್ವಸಂಸ್ಥೆಯ ಆಶ್ರಯದಲ್ಲಿ ೧೯೫೫ರಲ್ಲಿ ರೂಪುಗೊಂಡ ಬಂದಿಗಳ ಕನಿಷ್ಠ ನಿಯಮಗಳು, ಹತ್ತಿರದ ಬಂಧು ಸತ್ತರೆ ಬಂದಿಗೆ ಒಡನೆಯೇ ತಿಳಿಸಬೇಕೆಂದೂ, ಬಂಧು ಮರಣಶಯ್ಯೆಯಲ್ಲಿದ್ದರೆ ಸಾಧ್ಯವಾದಾಗ ಹೋಗಲು ಬಿಡಬೇಕೆಂದೂ ಹೇಳಿದವು. ಅಂತ್ಯಕ್ರಿಯೆಗೆ ಹೋಗುವ ಮಾತು ಅಲ್ಲಿರಲಿಲ್ಲ. ಮುಂದೆ ಆಫ್ರಿಕದ ರಾಬೆನ್ ದ್ವೀಪದಲ್ಲಿ ನೆಲ್ಸನ್ ಮಂಡೇಲಾ ಬಂದಿಯಾಗಿದ್ದಾಗ ೧೯೬೮ರಲ್ಲಿ ಅವರ ತಾಯಿ ತೀರಿಕೊಂಡರು. ಮರುವರ್ಷ ಹಿರಿಯ ಮಗ ಥೆಂಬಿ ವಾಹನದ ಅಪಘಾತದಲ್ಲಿ ಮಡಿದನು. ಎರಡು ಸಲವೂ ಮಣ್ಣಿಗೆ ಹೋಗಲು ಅವರಿಗೆ ಅನುಮತಿ ದೊರೆಯಲಿಲ್ಲ. ಮಗನ ಸಾವಿನ ತಂತಿ ಬಂದ ರಾತ್ರಿ ಸಂಗಡಿಗ ವಾಲ್ಟರ್ ಸಿಸುಲು ಅವರ ಕೋಣೆಗೆ ಬಂದು, ಒಂದು ಮಾತನ್ನೂ ಆಡದೆ ಕೈ ಹಿಡಿದು ಕುಳಿತರಂತೆ. ೨೦೧೫ರಲ್ಲಿ ವಿಶ್ವಸಂಸ್ಥೆ ಆ ನಿಯಮಗಳನ್ನು ತಿದ್ದಿ ಹೊಸದಾಗಿ ಅಂಗೀಕರಿಸಿದಾಗ ಅವಕ್ಕೆ ಮಂಡೇಲಾ ಅವರ ಹೆಸರನ್ನೇ ಇಟ್ಟಿತು. ಅವುಗಳ ಎಪ್ಪತ್ತನೆಯ ನಿಯಮದಲ್ಲಿ ಬಂಧುವಿನ ಅಂತ್ಯಕ್ರಿಯೆಗೆ ಹೋಗುವ ಅವಕಾಶವೂ ಸೇರಿತು. ಮಣ್ಣಿಗೆ ಹೋಗಲಾರದೆ ಉಳಿದವನ ಹೆಸರು ಮುಂದಿನವರಿಗೆ ದಾರಿ ತೆರೆದದ್ದು ಧರ್ಮದ ಒಂದು ಸೂಕ್ಷ್ಮಗತಿ.

ಭಾರತದಲ್ಲಿಯೂ ಈ ಕಡೆಗೆ ಹೆಜ್ಜೆಗಳು ಬಿದ್ದಿವೆ. ೨೦೧೫ರ ಬಾಲನ್ಯಾಯ ಕಾಯ್ದೆಯ ತೊಂಬತ್ತೆಂಟನೆಯ ಕಲಮಿನಂತೆ, ಪಾಲನಾಲಯಗಳಲ್ಲಿರುವ ಹದಿನೆಂಟರೊಳಗಿನ ಮಕ್ಕಳಿಗೆ ಬಂಧುಗಳ ಮರಣವೇ ಮೊದಲಾದ ಸಂದರ್ಭಗಳಲ್ಲಿ, ಪ್ರಯಾಣದ ಕಾಲವನ್ನು ಬಿಟ್ಟು ಸಾಮಾನ್ಯವಾಗಿ ಏಳು ದಿನ ಮೀರದಂತೆ ರಜೆ ಕೊಡಬಹುದು. ಹದಿನೆಂಟು ದಾಟಿದ ಮರುದಿನ ತಾಯಿಯ ಸಾವು ಹಗುರಾಗುವುದಿಲ್ಲ. ಆದರೆ ದಾರಿ ಉದ್ದವಾಗುತ್ತದೆ. ಬೆಂಗಾವಲಿನಲ್ಲಿ ಬಂದವನಿಗೆ ಬೇಡಿ ತೊಡಿಸುವುದು ವಾಡಿಕೆಯ ಕ್ರಮವಾಗಬಾರದೆಂದು ಸರ್ವೋಚ್ಚ ನ್ಯಾಯಾಲಯ ೧೯೮೦ರಲ್ಲಿ ಪ್ರೇಮಶಂಕರ ಶುಕ್ಲ ಮೊಕದ್ದಮೆಯಲ್ಲಿ ತೀರ್ಪು ಕೊಟ್ಟಿತು. ಬೇಡಿ ತೊಟ್ಟ ಕೈಯಿಂದ ತಾಯಿಗೆ ಮಣ್ಣು ಹಾಕುವ ಮಗನನ್ನು ಕಣ್ಣೆದುರಿಗೆ ತಂದುಕೊಂಡರೆ ಆ ತೀರ್ಪಿನ ಬೆಲೆ ತಿಳಿಯುತ್ತದೆ. ಮುಂಬಯಿ ಆಧಿಪತ್ಯದಲ್ಲಿ ೧೯೨೯ರಷ್ಟು ಹಿಂದೆಯೇ ತರುಣ ಅಪರಾಧಿಗಳಿಗಾಗಿ ಬೋರ್ಸ್ಟಲ್ ಶಾಲೆಗಳ ಕಾಯ್ದೆಯಾಗಿತ್ತು. ಧಾರವಾಡದಲ್ಲಿ ಅಂಥ ಶಾಲೆಯೂ ಇದ್ದಿತು. ಅದನ್ನು ಜೈಲೆನ್ನದೆ ಶಾಲೆಯೆಂದು ಕರೆದವರ ಮನಸ್ಸಿನಲ್ಲಿದ್ದ ವಿವೇಕ ಸ್ಮರಣೀಯ. ತರುಣನು ಇನ್ನೂ ಆಗುತ್ತಿರುವವನು, ಆಗಿ ಮುಗಿದವನಲ್ಲ ಎಂಬುದೇ ಆ ವಿವೇಕ.

ಕಾಯ್ದೆ ಬಾಗಿಲನ್ನು ತೆರೆಯಬಲ್ಲುದು. ಕೈ ಹಿಡಿದು ಕರೆದೊಯ್ಯುವವರು ಜನರೇ ಆಗಬೇಕು. ಮಣ್ಣು ತಪ್ಪಿಹೋದರೂ ಎಲ್ಲವೂ ತಪ್ಪಿಹೋಯಿತೆಂದು ಬಗೆಯಬೇಕಾಗಿಲ್ಲ. ಮೂರನೆಯ ದಿನದ ಕಾರ್ಯವಿದೆ, ಶಿವಗಣಾರಾಧನೆಯಿದೆ. ಅವುಗಳ ದಿನ ಮೊದಲೇ ಗೊತ್ತಿರುವುದರಿಂದ ಅರ್ಜಿಗೆ ಹೊತ್ತು ಸಿಗುತ್ತದೆ. ಅದಕ್ಕೂ ಬರಲಾರದವನಿಗೆ ಮನೆಯವರು ಭೇಟಿಗೆ ಹೋದಾಗ ಆ ದಿನದ ಕಥೆಯನ್ನು ಆದಿಯಿಂದ ಅಂತ್ಯದವರೆಗೆ ಹೇಳಬಹುದು. ಅವ್ವ ಕೊನೆಗೆ ಏನು ಕೇಳಿದಳು, ಯಾವ ಸೀರೆ ಉಡಿಸಿದರು, ಯಾರು ಯಾರು ಬಂದರು, ಕುಣಿ ಹೊಲದ ಯಾವ ಮಗ್ಗುಲಿಗಿದೆ, ಅವನ ಪಾಲಿನ ಮಣ್ಣನ್ನು ಯಾರು ಹಾಕಿದರು. ಇಂಥ ವಿವರ ಮೇಲುನೋಟಕ್ಕೆ ಕ್ರೂರವೆಂದು ತೋರಬಹುದು. ಕಾಣದವನಿಗೆ ಅದೇ ಕಣ್ಣು. 'ನಿನ್ನ ಹೆಸರು ಹೇಳಿ ಒಂದು ಹಿಡಿ ಹಾಕೀನಪ್ಪಾ' ಎಂದು ಕಾಕನೊಬ್ಬ ಹೇಳಿದರೆ ಆ ಮಾತನ್ನು ಅವನು ವರ್ಷಗಟ್ಟಲೆ ಎದೆಯಲ್ಲಿಟ್ಟುಕೊಂಡಾನು. ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸುವುದಕ್ಕೆ ಗುಡಿ ಬೇಡ, ಪುರೋಹಿತ ಬೇಡ. ಸೆರೆಯೊಳಗಿ‍ನ ಶೋಕಿಗೆ ಇದಕ್ಕಿಂತ ಹತ್ತಿರದ ಆಸರೆ ಯಾವುದಿದೆ? ಪಕ್ಕದಲ್ಲಿ ಮಲಗುವ ಮರಾಠಿ ಮಾತಿನ ಖಾನಾಪುರದ ಹುಡುಗ ತನ್ನ ವಿಠ್ಠಲನನ್ನು ನೆನೆದರೂ ಆ ಕಣ್ಣೀರಿಗೆ ಭಾಷೆಯ ಗಡಿಯಿಲ್ಲ.

ಇನ್ನು ಶಾಲೆಯ ಪಾಲು. ಬಂದೀಖಾನೆಗೂ ಶಾಲೆಗೂ ಏನು ಸಂಬಂಧವೆಂದು ಯಾರಾದರೂ ಕೇಳಿಯಾರು. ಹಾಜರಿ ಪುಸ್ತಕದಲ್ಲಿ ಸಾಲಾಗಿ ಬಿದ್ದ ಆ ಗೈರುಹಾಜರಿಯ ಗುರುತುಗಳೇ ಸಂಬಂಧ. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡು ಮರಳಿ ತರಗತಿಗೆ ಬಂದ ಹುಡುಗನನ್ನು ಗುರುಗಳು ಮೊದಲ ದಿನವೇ ಗುರುತಿಸಬೇಕು. 'ಗಟ್ಟಿಯಾಗು' ಎನ್ನುವುದಕ್ಕೆ ಮೊದಲು 'ಅಪ್ಪ ಹೇಗಿದ್ದರು, ಹೇಳು' ಎಂದು ಕೇಳಬೇಕು. ಓದು ಹಿಂದೆಬಿದ್ದರೆ ದಂಡಿಸುವ ಮುನ್ನ ಕಾರಣವನ್ನು ಅರಸಬೇಕು. ಬರದೇ ಹೋದವನ ಮನೆಗೆ ಹೆಸರಿಗೆ ಗೀಟು ಬೀಳುವ ಮೊದಲೇ ಹೋಗಿ ಬರಬೇಕು. ದಾನಿಗಳು ಕಟ್ಟಿಸುವ ಕೋಣೆಗಳಷ್ಟೇ ಪುಣ್ಯ, ಅಂಥ ಹುಡುಗನ ಒಂದು ವರ್ಷದ ಊಟ ವಸತಿಗೆ ಕೊಡುವ ಹಣದಲ್ಲಿಯೂ ಇದೆ. ಅಪ್ಪನ ಸಾವಿನ ನಂತರದ ಆ ಒಂದು ವರ್ಷವೇ ಹುಡುಗನ ಬಾಳು ಎತ್ತ ಹೊರಳಬೇಕೆಂಬುದನ್ನು ಬಹಳಮಟ್ಟಿಗೆ ತೀರ್ಮಾನಿಸುತ್ತದೆ.

ಹಳೆಯ ವಿದ್ಯಾರ್ಥಿಗಳಲ್ಲಿ ವಕೀಲರಿರುತ್ತಾರೆ. ಸಾವಾದ ಮನೆಯ ಬಡ ಅರ್ಜಿಯನ್ನು ಶುಲ್ಕವಿಲ್ಲದೆ ಅದೇ ದಿನ ನ್ಯಾಯಾಲಯದ ಮುಂದಿಡುವುದು ಅವರಿಂದ ಆಗತಕ್ಕ ದಾಸೋಹ. ಗ್ರಾಮಪಂಚಾಯತಿಯಲ್ಲಿರುವವರು ಸಾವಿನ ದಾಖಲೆಯನ್ನು ತಡಮಾಡದೆ ಒದಗಿಸಬಹುದು. ಶಿಕ್ಷಕರು ತಮ್ಮಲ್ಲಿ ಓದಿ ದಾರಿ ತಪ್ಪಿದವನಿಗೆ ಒಂದು ಕಾರ್ಡು ಬರೆಯಬಹುದು. 'ನಿನ್ನ ತಾಯಿ ಶಾಲೆಗೆ ಬಂದಾಗಲೆಲ್ಲ ನಿನ್ನ ಅಕ್ಷರ ಚೆಂದವಾಗಿದೆಯೇ ಎಂದು ಕೇಳುತ್ತಿದ್ದರು' ಎಂಬ ಒಂದು ಸಾಲು ಸಾಕು. ಆತ ಕೇವಲ ಮೊಕದ್ದಮೆಯ ನಂಬರಲ್ಲ, ಒಬ್ಬ ತಾಯಿಯ ಮಗನೆಂಬುದನ್ನು ಅದು ನೆನಪಿಗೆ ತರುತ್ತದೆ. ಬಿಡುಗಡೆಯಾಗಿ ಊರಿಗೆ ಬಂದ ದಿನ ಅವನು ಒಂಟಿಯಾಗಿ, ಜನ ಕಾಣದ ಹೊತ್ತು ನೋಡಿ, ಸಮಾಧಿ ಹುಡುಕುತ್ತ ಹೋಗುವಂತಾಗಬಾರದು. ಊರಿನ ಇಬ್ಬರು ಹಿರಿಯರು ಜತೆಗೆ ನಡೆದರೆ ಆ ದಾರಿ ಮನೆಯ ದಾರಿಯಾಗುತ್ತದೆ; ಯಾರೂ ನಡೆಯದಿದ್ದರೆ ಹಳೆಯ ಸಂಗಾತಿಗಳು ನಡೆಯಲು ಸಿದ್ಧರಾಗಿಯೇ ಇರುತ್ತಾರೆ.

ನ್ಯಾಯ ತನ್ನ ತಕ್ಕಡಿಯನ್ನು ಹಿಡಿದು ತೂಗಲಿ; ಅದು ಅದರ ಧರ್ಮ. ತಕ್ಕಡಿಯಲ್ಲಿ ತೂಗಲಾರದ ಒಂದು ವಸ್ತು ಲೋಕದಲ್ಲಿದೆಯೆಂಬುದನ್ನು ಬಲ್ಲವರು ಗುರುಗಳೂ ತಾಯಂದಿರೂ ಜಂಗಮರೂ ಆಗಿದ್ದಾರೆ. ದಯೆಯನ್ನೇ ಧರ್ಮದ ಬೇರೆಂದು ಕಲಿಸಿದ ಪರಂಪರೆಯಲ್ಲಿ ಹುಟ್ಟಿದ ವಿದ್ಯಾಸಂಸ್ಥೆಗಳು ಈ ಅರಿವನ್ನು ಪಾಠದ ಪುಸ್ತಕದಲ್ಲಿ ಮಾತ್ರ ಉಳಿಸದೆ, ಸೆರೆಮನೆಯ ಗೋಡೆಯವರೆಗೂ ಒಯ್ಯುವಂತಾಗಲಿ. ತಾಯಿತಂದೆಗಳನ್ನು ಕಳೆದುಕೊಂಡ ಮಕ್ಕಳು, ಅವರು ಗೋಡೆಯ ಈಚೆಗಿರಲಿ ಆಚೆಗಿರಲಿ, ತಮ್ಮ ದುಃಖದಲ್ಲಿ ಒಬ್ಬಂಟಿಗರಾಗದಿರಲಿ.